ನೀರು ಸಾಕಿದ ಸೊಸೆ

೨೦೨೪ನೆಯ ಇಸವಿ ಜನವರಿ ಏಳು, ಭಾನುವಾರ. ದೊಡ್ಡೇರಿ ಹೋಬಳಿಯ ಒಂದು ಹಟ್ಟಿಯಲ್ಲಿ, ಬೋರಣ್ಣನ ಮನೆಯ ಪಡಸಾಲೆಯಲ್ಲಿಟ್ಟಿದ್ದ ಗಾಜಿನ ತೊಟ್ಟಿಯೊಳಗೆ ಅರವತ್ತು ಲೀಟರು ನೀರಿತ್ತು. ಮೀನುಗಳ ಸಂಖ್ಯೆ ಸೊನ್ನೆ.

ಆ ಸೊನ್ನೆ ಮರೆವಿನಿಂದ ಬಂದದ್ದಲ್ಲ, ಕೈ ಬಿಗಿಯಿಂದ ಬಂದದ್ದೂ ಅಲ್ಲ. ಬೋರಣ್ಣನ ಸೊಸೆ ಪವಿತ್ರ ಬೇಕೆಂದೇ ಇಟ್ಟ ಸೊನ್ನೆ ಅದು.

ಹಿಂದಿನ ದೀಪಾವಳಿಗೆ ಇದೇ ತೊಟ್ಟಿ ಶಿರಾದಿಂದ ಬಂದಿತ್ತು. ತೊಟ್ಟಿಯ ಜೊತೆಯಲ್ಲೇ ಎಂಟು ಗೋಲ್ಡ್ ಫಿಶ್ ಬಂದಿದ್ದವು. ಬೆಳಿಗ್ಗೆ ತಂದು, ಮಧ್ಯಾಹ್ನ ನೀರು ತುಂಬಿ, ಸಂಜೆಗೆ ಪವಿತ್ರ ಮೀನು ಬಿಟ್ಟಳು. ನಾಲ್ಕು ದಿನ ಅವು ಹೊಳೆಯುತ್ತ ತಿರುಗಿದವು. ಐದನೆಯ ದಿನ ಒಂದು ಹೊಟ್ಟೆ ಮೇಲಾಗಿ ತೇಲಿತು. ವಾರ ತುಂಬುವಷ್ಟರಲ್ಲಿ ಎಂಟೂ ಹೋದವು. ನೀರು ಮಾತ್ರ ಕೊನೆಯ ತನಕ ಕನ್ನಡಿಯ ಹಾಗೆ ತಿಳಿಯಾಗಿತ್ತು. ಬೋರಣ್ಣ ಒಂದೊಂದನ್ನೂ ನುಗ್ಗೆ ಮರದ ಬುಡದಲ್ಲಿ ಹೂತ. ನಲವತ್ತು ವರ್ಷ ಕುರಿಯ ಹಿಂದೆ ನಡೆದ ಮನುಷ್ಯ ಅವನು. ಪ್ರಾಣಿ ಸಾಯುವುದು ಅವನಿಗೆ ಹೊಸದಲ್ಲ. ಆದರೆ ಕಾರಣ ತಿಳಿಯದ ಸಾವು ಸಾಕಿದವರ ತಲೆಗೇ ಬರುತ್ತದೆಂದು ಅವನು ನಂಬಿದ್ದ. ತೊಟ್ಟಿಯನ್ನು ತೊಳೆದು ಅಟ್ಟಕ್ಕೆ ಹಾಕಿಸಿದ.

ಆ ತಿಂಗಳಲ್ಲೇ ಅವನ ಮಂಡಿಗಳು ಕೈಕೊಟ್ಟವು. ಮನೆಯಲ್ಲಿ ಮೂವತ್ತೆರಡು ಕುರಿಗಳ ಮಂದೆಯಿತ್ತು. ಮಗ ಗೋಪಾಲ್ ಕೊರಟಗೆರೆಯಿಂದ ಪಾವಗಡಕ್ಕೆ ಖಾಸಗಿ ಬಸ್ಸು ಓಡಿಸುವವನು, ಕುರಿಗಿಂತ ಗೇರನ್ನು ಚೆನ್ನಾಗಿ ಬಲ್ಲವನು. ಪಕ್ಕದೂರಿನ ಕುರಿ ವ್ಯಾಪಾರಿ ಚಿಕ್ಕರಾಜು ವಾರಕ್ಕೊಮ್ಮೆ ಬಂದು ಜಗಲಿಯ ಮೇಲೆ ಕೂತು, ಮಂಡಿಯ ಯೋಗಕ್ಷೇಮ ಕೇಳುತ್ತ ಮಂದೆಯ ಮೇಲೆ ಕಣ್ಣಾಡಿಸುತ್ತಿದ್ದ. ಅಂಥ ಒಂದು ದಿನ ಪವಿತ್ರ ಕಾಫಿ ಲೋಟ ಇಟ್ಟವಳು ಅಲ್ಲೇ ನಿಂತಳು.

"ಮಾವ, ಮಂದೆ ಮಾರಬ್ಯಾಡಿ. ನಾನು ನೋಡ್ಕತೀನಿ."

ಬೋರಣ್ಣ ಲೋಟದಿಂದ ತಲೆ ಎತ್ತಲಿಲ್ಲ. "ಎಂಟು ಮೀನ ಒಂದು ವಾರ ಉಳಿಸ್ನಿಲ್ಲ. ಮೂವತ್ತೆರಡು ಕುರಿ ನೋಡ್ಕತೀಯಾ?"

ಮಾತು ಗಟ್ಟಿಯಾಗಿಯೇ ಬಿತ್ತು. ಚಿಕ್ಕರಾಜು ಮೀಸೆಯೊಳಗೆ ನಕ್ಕ. ಪವಿತ್ರ ಕೊರಟಗೆರೆಯಲ್ಲಿ ಬೆಳೆದವಳು. ಅವಳ ತವರಿನವರು ಕುರಿ ಬಿಟ್ಟು ಎರಡು ತಲೆಮಾರಾಗಿತ್ತು. ಹಟ್ಟಿಯ ಹೆಂಗಸರು ಅವಳನ್ನು ಅಳೆಯುತ್ತಿದ್ದುದು ಆ ಒಂದು ಕೋಲಿನಿಂದಲೇ. ಅವಳು ಅಂದು ಒಳಗೆ ಹೋದಳು. ತಿಂಗಳಾದ ಮೇಲೆ, ಚಿಕ್ಕರಾಜು ಮತ್ತೆ ಕೂತಿದ್ದಾಗ, ಹೊರಗೆ ಬಂದಳು.

"ಆ ಮೀನು ಯಾಕೆ ಸತ್ವು ಅಂತ ಈಗ ಗೊತ್ತಾಗೈತೆ ಮಾವ. ತಪ್ಪು ನಂದೇ. ಶಿವರಾತ್ರಿ ಗಂಟ ಟೈಮ್ ಕೊಡಿ. ಅದೇ ತೊಟ್ಟೀಲಿ ಬದುಕಿಸಿ ತೋರುಸ್ತೀನಿ."

ತಪ್ಪನ್ನು ತನ್ನದೆಂದು ಹೇಳಿಕೊಂಡದ್ದು ಬೋರಣ್ಣನಿಗೆ ಹಿಡಿಸಿತು. ಆದರೂ ಅವನು ಸಡಿಲ ಬಿಡುವವನಲ್ಲ. "ಶಿವರಾತ್ರಿ ದಿನ ತೊಟ್ಟೀಲಿ ಮೀನು ಉಸ್ರಾಡ್ತಾ ಇದ್ರೆ ಮಂದೆ ನಿಂದು. ಇಲ್ದಿದ್ರೆ ಅದರ ಮುಂದ್ಲ ಭಾನುವಾರ ಕುರಿಯೆಲ್ಲ ಇವನ ಗಾಡಿ ಹತ್ತುತಾವೆ. ಏನ್ಲಾ ಚಿಕ್ಕರಾಜು, ಕೇಳುಸ್ಕಂಡೇನ್ಲಾ?"

"ಎರಡೂ ಕಿವಿ ಐತೆ ಕಣಣ್ಣ," ಎಂದ ಚಿಕ್ಕರಾಜು. "ಗಾಡಿ ತೊಳ್ಸಿ ಇಟ್ಟಿರ್ತೀನಿ ಬುಡು."

ಹೀಗೆ ತೊಟ್ಟಿ ಅಟ್ಟದಿಂದ ಇಳಿಯಿತು.

ಅದಕ್ಕೆ ಯಾವ ನೀರು ಎಂಬ ಪ್ರಶ್ನೆ ಬಂದಾಗ ಮನೆಯಲ್ಲಿ ಎರಡು ಮಾತಿರಲಿಲ್ಲ. ಹಟ್ಟಿಯ ಬೋರ್‌ವೆಲ್ ನೀರು ಗಡುಸು. ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ, ಬೇಳೆ ಬೇಯಲು ಮೊಂಡು ಮಾಡುತ್ತದೆ. ಬೋರಣ್ಣನ ಹಲ್ಲಿನ ಮೇಲೆ ಕಂದು ಗೆರೆ ಎಳೆದದ್ದೂ ಅದೇ ನೀರು. ಶುದ್ಧ ನೀರಿನ ಘಟಕ ಬಂದ ಮೇಲೆ ಬೋರಿನದು ದನ, ಕುರಿ, ಬಟ್ಟೆಗಳ ಪಾಲಾಗಿ, ಮನುಷ್ಯರೆಲ್ಲ ನಾಣ್ಯ ಹಾಕಿ ಹಿಡಿದ ಫಿಲ್ಟರ್ ನೀರು ಕುಡಿಯತೊಡಗಿದ್ದರು. ದೀಪಾವಳಿಯ ಮೀನುಗಳಿಗೆ ಬೋರಿನ ನೀರು ಹಾಕಿದ್ದರಿಂದಲೇ ಹಾಗಾಯಿತೆಂದು ಹಟ್ಟಿಯೆಲ್ಲ ನಂಬಿತ್ತು. ಪವಿತ್ರ ಹಾಗೆ ನಂಬಿರಲಿಲ್ಲ. ಆದರೂ ಒಮ್ಮೆ ಕೊಂದ ಕೈಗಳಿಂದ ಎರಡನೆಯ ಸಲ ಕಡಿಮೆಯದನ್ನು ಕೊಡಲು ಅವಳಿಗೆ ಮನಸ್ಸು ಬರಲಿಲ್ಲ. ಮೂರು ಕ್ಯಾನು ಫಿಲ್ಟರ್ ನೀರನ್ನು ಸೊಂಟದ ಮೇಲಿಟ್ಟು ಒಂದೊಂದಾಗಿ ಹೊತ್ತು ತಂದು ಸುರಿದಳು. ತಳಕ್ಕೆ ತೊಳೆದ ಜಲ್ಲಿ, ಮೂಲೆಯಲ್ಲಿ ಗುಳುಗುಳು ಎನ್ನುವ ಸ್ಪಂಜಿನ ಫಿಲ್ಟರು. ಮರುದಿನದಿಂದ ದಿನಕ್ಕೆ ಒಂದು ಚಿಟಿಕೆ ಮೀನಿನ ಆಹಾರವನ್ನು ಖಾಲಿ ನೀರಿನ ಮೇಲೆ ಉದುರಿಸತೊಡಗಿದಳು.

ಅತ್ತೆ ನಾಗಕ್ಕ ಎರಡು ದಿನ ನೋಡಿ ಮೂರನೆಯ ದಿನ ತಡೆಯಲಾರದೆ ಕೇಳಿದಳು.

"ಯಾರಿಗೇ ಉಣ್ಣಾಕಿಕ್ತಿದೀಯ?"

"ನೀರಿಗೆ, ಅತ್ತೆ."

ನಾಗಕ್ಕ ಗಂಡನ ಹತ್ತಿರ ಹೋಗಿ ದನಿ ತಗ್ಗಿಸಿದಳು. "ಬರೋ ಸೋಮವಾರ ಇವಳ್ನ ಸಿದ್ದರಬೆಟ್ಟಕ್ಕೆ ಕರ್ಕಂಡು ಹೋಗಿ ಬರ್ತೀನಿ. ಏನೋ ಗಾಳಿ ಬಡ್ದೈತೆ."

ಗಾಳಿಯೋ ಅಲ್ಲವೋ ತಿಳಿಯಲೆಂದು ಬೋರಣ್ಣ ಆ ಸಂಜೆ ತೊಟ್ಟಿಯ ಎದುರು ಮಣೆ ಹಾಕಿಕೊಂಡು ಕೂತ. ನೀರಿನಲ್ಲಿ ಆಹಾರದ ಚೂರುಗಳು ಕೊಳೆಯುತ್ತಿದ್ದವು. ಮುಚ್ಚಳ ಎತ್ತಿದರೆ ಸಣ್ಣಗೆ ಘಾಟು.

"ನಾರುತಾ ಐತಲ್ಲಮ್ಮ."

"ನಾರ್ಲಿ ಅಂತ್ಲೇ ಹಾಕ್ತಿರೋದು ಮಾವ." ಅವಳು ನೆಲದ ಮೇಲೆ ಕೂತಳು. "ಮೀನು ನೀರಲ್ಲೇ ಉಚ್ಚೆ ಹುಯ್ಯುತ್ತೆ, ನೀರಲ್ಲೇ ಉಸ್ರಾಡುತ್ತೆ. ಆ ಹೊಲಸು ಅಮೋನಿಯಾ ಆಗುತ್ತೆ. ಅದು ವಿಷ. ಕಣ್ಣಿಗೆ ಕಾಣಲ್ಲ. ನಮ್ಮ ಎಂಟೂ ಹೋಗಿದ್ದು ಅದ್ರಿಂದ್ಲೇ. ಕೆರೆಗಳಲ್ಲಿ ಅದನ್ನ ತಿನ್ನೋ ಸೂಕ್ಷ್ಮಜೀವಿ ಇರ್ತವೆ. ಒಂದು ಜಾತಿ ಅಮೋನಿಯಾ ತಿಂದು ನೈಟ್ರೈಟ್ ಮಾಡುತ್ತೆ. ಅದೂ ವಿಷವೇ. ಇನ್ನೊಂದು ಜಾತಿ ಬಂದು ಅದನ್ನೂ ತಿನ್ನುತ್ತೆ. ಆಮೇಲೆ ಉಳಿಯೋದು ಗೊಬ್ಬರದಂಗೆ, ಅಷ್ಟು ಅಪಾಯ ಇಲ್ಲ, ವಾರಕ್ಕೊಂದ್ಸಲ ಸ್ವಲ್ಪ ನೀರು ಬದಲಾಯಿಸಿದ್ರೆ ಸಾಕು. ಹೊಸ ತೊಟ್ಟೀಲಿ ಈ ಎರಡು ಜಾತಿ ಇರಲ್ಲ. ಅವು ಹುಟ್ಟಿ ಬೆಳೆಯೋ ಗಂಟ ಮೀನು ಬಿಡಬಾರ್ದು."

ಬೋರಣ್ಣನಿಗೆ ಹೆಸರುಗಳು ಹಿಡಿಯಲಿಲ್ಲ. ಸಂಗತಿ ಹಿಡಿಯಿತು. ಮಳೆಗಾಲದಲ್ಲಿ ಮುಚ್ಚಿದ ರೊಪ್ಪದೊಳಗೆ ಕುರಿಯ ಉಚ್ಚೆಯ ಘಾಟಿಗೆ ಮರಿಗಳ ಕಣ್ಣು ಕೆಂಪಾಗುವುದನ್ನು ಅವನು ಕಂಡಿದ್ದ. ರೈತರ ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆ ಕೂರಿಸಿ ಬದುಕಿದವನಿಗೆ, ಹಸಿ ಗೊಬ್ಬರ ತಾಕಿದ ಪೈರು ಸುಡುವುದೂ ಅದೇ ಗೊಬ್ಬರ ಕಳಿತ ಮೇಲೆ ಪೈರು ಏಳುವುದೂ ಯಾರೂ ಹೇಳಿಕೊಡಬೇಕಾದದ್ದಲ್ಲ. ನಡುವೆ ಕಳಿಸುವ ಕೈ ಯಾವುದೆಂದು ಮಾತ್ರ ಅವನು ಎಂದೂ ಕೇಳಿರಲಿಲ್ಲ.

"ಅಂದ್ರೆ," ಎಂದ ನಿಧಾನವಾಗಿ, "ಮೀನಿಗಿಂತ ಮುಂಚೆ ಕಣ್ಣಿಗೆ ಕಾಣದೆ ಇರೋ ಒಂದು ಮಂದೆ ಕಟ್ತಿದೀಯ."

"ಅಂಗೇ ಮಾವ."

"ಹಾಲಿಗೆ ಹೆಪ್ಪು ಹಾಕಿದಂಗೆ ಯಾರ ಹತ್ರನಾದ್ರೂ ಒಂಚೂರು ಇಸ್ಕಂಬರಾಕಾಗಲ್ವಾ?"

"ಹಳೇ ತೊಟ್ಟಿ ಸ್ಪಂಜು ಹಿಂಡಿ ತಂದ್ರೆ ಬೇಗ ಆಗುತ್ತಂತೆ. ಅಂಗಡೀಲಿ ಕೊಡ್ತಾರೆ. ಆದ್ರೆ ಅಲ್ಲಿ ದಿನಾ ಹೊಸ ಮೀನು ಬರ್ತವೆ, ಯಾವುದ್ರಲ್ಲಿ ಯಾವ ರೋಗ ಐತೋ. ನಿಧಾನ ಆದ್ರೂ ಆಗ್ಲಿ, ನಮ್ಮದೇ ಹುಟ್ಲಿ."

ಸಂತೆಯಿಂದ ತಂದ ಕುರಿಯನ್ನು ಬೋರಣ್ಣ ಎಂದೂ ಬಂದ ದಿನವೇ ಮಂದೆಗೆ ಕೂಡಿಸಿದವನಲ್ಲ. ಆ ರಾತ್ರಿಯೇ ಅವನು ನಾಗಕ್ಕನ ಸಿದ್ದರಬೆಟ್ಟದ ಪ್ರಯಾಣವನ್ನು ರದ್ದು ಮಾಡಿದ.

ಪವಿತ್ರ ಪರೀಕ್ಷೆಯ ಬಾಟಲಿಗಳನ್ನು ಕೊರಿಯರ್‌ನಲ್ಲಿ ತರಿಸಿದ್ದಳು. ಬೆರಳುದ್ದದ ಗಾಜಿನ ಕೊಳವೆಗೆ ತೊಟ್ಟಿಯ ನೀರು ತುಂಬಿ ಹನಿ ಹಾಕಿದರೆ ಬಣ್ಣ ಬರುತ್ತದೆ. ಅಮೋನಿಯಾ ಇಲ್ಲದಿದ್ದರೆ ಹಳದಿ, ಇದ್ದರೆ ಹಸಿರು. ನೈಟ್ರೈಟ್ ಇಲ್ಲದಿದ್ದರೆ ಆಕಾಶದ ನೀಲಿ, ಇದ್ದರೆ ನೇರಳೆ. ಒಂದು ಹಳದಿ, ಒಂದು ನೀಲಿ, ಎರಡೂ ಕೂಡಿ ಬಂದು ನಿಲ್ಲಬೇಕು. ಅಂದು ನೀರು ಆದಂತೆ.

ಜನವರಿ ಮುಗಿಯಿತು. ಹಸಿರು ಬಂತು, ದಟ್ಟವಾಯಿತು, ಅಲ್ಲೇ ನಿಂತಿತು. ನೇರಳೆ ಬರಲೇ ಇಲ್ಲ. ಚಿಕ್ಕರಾಜು ಬಂದಾಗಲೆಲ್ಲ ಗಾಜಿಗೆ ಮೂಗು ತಾಗಿಸಿ ಹುಡುಕುತ್ತಿದ್ದ.

"ಬೋರಣ್ಣ, ಎಲ್ಲಾರ ಮನೇಲೂ ಸೊಸೇರು ಕೋಳಿ ಸಾಕ್ತಾರೆ, ಎಮ್ಮೆ ಸಾಕ್ತಾರೆ. ನಿನ್ ಸೊಸೆ ನೀರು ಸಾಕ್ತಾವ್ಳೆ ಕಣಣ್ಣ."

"ನೀರು ಒದೆಯಲ್ಲ, ಹಾಯಲ್ಲ, ನಿನ್ನಂಗೆ ವಾರವಾರ ಬಂದು ಕಾಫಿ ಕೇಳಲ್ಲ," ಎಂದಳು ಒಳಗಿನಿಂದ ನಾಗಕ್ಕ.

ಆದರೆ ಬೋರಣ್ಣ ಮನಸ್ಸಿನಲ್ಲಿ ಲೆಕ್ಕ ಮುಗಿಸಿದ್ದ. ಒಂದು ತಿಂಗಳಿಗೂ ಮಿಕ್ಕಿ ಕಳೆದಿತ್ತು, ದಟ್ಟ ಹಸಿರು ಒಂದು ಎಳೆಯೂ ಕದಲಿರಲಿಲ್ಲ. ಉಳಿದ ದಿನಗಳಲ್ಲಿ ಕದಲುವ ಲಕ್ಷಣವಿರಲಿಲ್ಲ. ಫೆಬ್ರವರಿಯ ಎರಡನೆಯ ವಾರ ಅವನು ಕುಂಟುತ್ತ ಅಕ್ಕಿರಾಂಪುರದ ಸಂತೆಗೆ ಹೋದ. ಅಲ್ಲಿ ಚಿಕ್ಕರಾಜು ಟವಲಿನ ಕೆಳಗೆ ಕೈ ಚಾಚಿದ. ಬೋರಣ್ಣ ತನ್ನ ಕೈಯನ್ನೂ ಒಳಗಿಟ್ಟ. ಬಾಯಲ್ಲಿ ಮಾತಿಲ್ಲದೆ, ಬೆರಳು ಒತ್ತಿ ಬೆಲೆ ಕಟ್ಟುವುದು ಆ ಸಂತೆಯ ರೀತಿ. ಒಮ್ಮೆ ಟವಲಿನ ಕೆಳಗೆ ಕೈ ಕೂಡಿತೆಂದರೆ ವ್ಯಾಪಾರ ಆದಂತೆಯೇ. ಹಿಂದೆ ಸರಿದವನು ಎದುರಿನವನಿಗೆ ಒಂದು ಟಗರು ಕೊಟ್ಟು ಕೈ ಬಿಡಿಸಿಕೊಳ್ಳಬೇಕು. ಅದಕ್ಕೆ ಕಾಗದವಿಲ್ಲ, ಪೊಲೀಸರಿಲ್ಲ. ತಪ್ಪಿದವನ ಹೆಸರು ಮುಂದಿನ ಸಂತೆಗೆ ಮೊದಲು ನಾಲ್ಕು ತಾಲ್ಲೂಕು ಸುತ್ತಿ ಬಂದಿರುತ್ತದೆ, ಅಷ್ಟೆ. ಬೆರಳುಗಳು ಒಪ್ಪಿದವು. ಮೂವತ್ತೆರಡೂ ಕುರಿ ಮಾರಾಟವಾದವು. ಗಾಡಿ ಹತ್ತುವುದು ಮಾತ್ರ ಶಿವರಾತ್ರಿಯ ಮುಂದಿನ ಭಾನುವಾರ.

ಸಂಜೆ ಬೋರಣ್ಣ ಮನೆಗೆ ಬಂದಾಗ ಪವಿತ್ರ ತೊಟ್ಟಿಯ ಅರ್ಧ ನೀರನ್ನು ಮಗ್ಗಿನಿಂದ ಮೊಗೆದು ಬಕೀಟಿಗೆ ಸುರಿಯುತ್ತಿದ್ದಳು. ಪಕ್ಕದಲ್ಲಿ ಬೋರಿನ ನೀರು ತುಂಬಿದ ಎರಡು ಕೊಡ.

"ಇದೇನಮ್ಮ, ಕೈಬಿಟ್ಟೆಯಾ?"

"ಇಲ್ಲ ಮಾವ. ನಾನು ಪೆದ್ದಿ ಆಗ್ಬುಟ್ಟೆ." ಅವಳ ಮುಖ ಬಾಡಿತ್ತು, ಕೈ ನಿಂತಿರಲಿಲ್ಲ. "ಈವತ್ತು ಹುಳಿ ಎಷ್ಟೈತೆ ಅಂತ ನೋಡಿದೆ. ಕೊಳೆತೂ ಕೊಳೆತೂ ನೀರು ಹುಳಿಯಾಗೈತೆ. ಹುಳಿ ನೀರಲ್ಲಿ ಆ ಜೀವಿಗಳು ಏಳಲ್ಲ. ಬೋರ್ ನೀರಲ್ಲಿ ಸುಣ್ಣ ಐತಲ್ಲ, ಪಾತ್ರೆಗೆ ಹಿಡಿಯೋದು, ಅದೇ ಹುಳಿ ಮುರಿಯೋದು, ಅದನ್ನೇ ಅವೂ ತಿನ್ನೋದು. ಫಿಲ್ಟರ್ ನೀರಲ್ಲಿ ಅದು ಏನೂ ಇಲ್ಲ. ಒಳ್ಳೇದು ಕೊಡಬೇಕು ಅಂತ ಹೋಗಿ ಬರೀ ನೀರು ಕೊಟ್ಟೆ. ಒಂದು ತಿಂಗಳು ಉಪವಾಸ ಕೆಡವಿದಂಗಾಯ್ತು."

"ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ಫಿಲ್ಟರ್ ನೀರು ಕಾಯಿಸೋ ಪಾತ್ರೆ ತಳ ಬೆಳ್ಳಗಾಗಲ್ಲ. ನೀರು ಕಾಯಿಸ್ತಾ ಅದನ್ನೇ ನೋಡ್ತಾ ಕೂತಿದ್ದೆ. ಆಗ ಹೊಳೀತು. ಆಮೇಲೆ ಅಂಗಡಿಯೋರಿಗೆ ಫೋನ್ ಮಾಡಿ ಕೇಳಿದೆ, ಹೌದು ಅಂದ್ರು."

ನಾಗಕ್ಕ, ಬೋರಣ್ಣ, ಚಿಕ್ಕರಾಜು, ಹಟ್ಟಿಯ ಯಾರೇ ಆಗಿದ್ದರೂ ಅದೇ ನೀರು ಹಾಕುತ್ತಿದ್ದರು. ತಪ್ಪು ಎಲ್ಲರದೂ ಆಗಿತ್ತು. ಕಂಡುಹಿಡಿದವಳು ಅವಳೊಬ್ಬಳು. ತಮ್ಮ ಹಲ್ಲು ಕೆಡಿಸಿದ ನೀರನ್ನು ಕೊಡದಿಂದ ಮೆಲ್ಲಗೆ, ಅಂಗೈ ಅಡ್ಡ ಹಿಡಿದು, ಅವಳು ತೊಟ್ಟಿಗೆ ಇಳಿಸುವುದನ್ನು ಬೋರಣ್ಣ ನಿಂತು ನೋಡಿದ. ಸಂತೆಯ ಸುದ್ದಿ ಅವನ ಬಾಯಿಗೆ ಬರಲಿಲ್ಲ. ಟವಲಿನ ಕೆಳಗೆ ಇಟ್ಟ ಕೈಯನ್ನು ಅವನು ಆ ರಾತ್ರಿ ಊಟಕ್ಕೆ ತೊಳೆದದ್ದು ಸ್ವಲ್ಪ ಹೆಚ್ಚೇ ಹೊತ್ತು.

ವಾರದೊಳಗೆ ಹಸಿರು ತಿಳಿಯಾಯಿತು, ಕೊಳವೆಯಲ್ಲಿ ಮೊದಲ ಸಲ ನೇರಳೆ ಬಂತು. ನಾಗಕ್ಕನೂ ಎದ್ದು ಬಂದು ನೋಡಿದಳು. ಅಂದಿನಿಂದ ಬೋರಣ್ಣ ಸೊಸೆಯನ್ನು ಬೇರೆ ಕಣ್ಣಿನಿಂದ ನೋಡತೊಡಗಿದ. ಅವಳು ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿಯದೆ, ತೊಟ್ಟಿಯಿಂದಲೇ ಮೊಗೆದ ನೀರಿನಲ್ಲಿ ಒಮ್ಮೆ ಅದ್ದಿ ತೆಗೆಯುತ್ತಿದ್ದಳು, ಅದಕ್ಕೆ ಅಂಟಿಕೊಂಡ ಜೀವಿಗಳಿಗೆ ಪೆಟ್ಟಾಗಬಾರದೆಂದು. ಕರೆಂಟು ಹೋದರೆ, ಉಣ್ಣುತ್ತಿದ್ದ ತಟ್ಟೆ ಬಿಟ್ಟು ಬಂದು ಚೊಂಬಿನಿಂದ ನೀರನ್ನು ಎತ್ತಿ ಎತ್ತಿ ಸುರಿಯುತ್ತಿದ್ದಳು, ಗಾಳಿ ಸಿಗಲೆಂದು. ಯಾರ ಕಣ್ಣಿಗೂ ಬೀಳದ ಪ್ರಾಣಿಗಳಿಗಾಗಿ ಇಷ್ಟು. ಕುರಿಯನ್ನು ಚೆನ್ನಾಗಿ ನೋಡಿಕೊಳ್ಳುವವರನ್ನು ಬೋರಣ್ಣ ಬಹಳ ಕಂಡಿದ್ದ. ಕುರಿ ನೋಡುತ್ತದೆ, ಕೂಗುತ್ತದೆ, ಸಂತೆಯಲ್ಲಿ ಬೆಲೆ ತರುತ್ತದೆ. ತಿರುಗಿ ಏನೂ ಕೊಡದದ್ದನ್ನು ಹೀಗೆ ನೋಡಿಕೊಂಡವರನ್ನು ಅವನು ಕಂಡಿರಲಿಲ್ಲ.

ಮಾರ್ಚ್ ಬಂತು. ನೇರಳೆ ಮಾಸುತ್ತಿತ್ತು, ಆದರೆ ಮೊಂಡಾಗಿ ನಿಂತಿತ್ತು. ಮೂರನೆಯ ತಾರೀಖು, ಭಾನುವಾರ, ಬೋರಣ್ಣ ಯಾರಿಗೂ ಹೇಳದೆ ಶಿರಾ ಬಸ್ಸು ಹತ್ತಿದ. ಶುಕ್ರವಾರ ಶಿವರಾತ್ರಿ. ಇಷ್ಟು ಮಾಡಿದ ಹೆಣ್ಣು ನಾಲ್ಕಾರು ದಿನದ ಅಂತರದಲ್ಲಿ ಸೋಲುವುದನ್ನು ಅವನಿಗೆ ನೋಡಲಾಗಲಿಲ್ಲ. ತಾನು ಚಿಕ್ಕರಾಜುವಿಗೆ ಕೊಟ್ಟ ಕೈಗೆ ಒಂದು ಟಗರು ಹೋದರೆ ಹೋಗಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದ.

ಮೀನಿನ ಅಂಗಡಿಯ ದಸ್ತಗೀರ್ ಅವನನ್ನು ಕೂರಿಸಿ ವಿಚಾರಿಸಿದ. "ದೊಡ್ಡೇರಿ ಕಡೆಯವರಾ? ಅಜ್ಜಾ, ಅಲ್ಲಿಂದ ಒಬ್ಬರು ಮೇಡಂ ಫೋನ್ ಮಾಡ್ತಾರೆ. ಎರಡು ತಿಂಗಳಿಂದ ಬರೀ ನೀರಿನ ಮಾತು. ಮೀನಿನ ಹೆಸರೇ ಎತ್ತಲ್ಲ."

"ಅವಳು ನನ್ನ ಸೊಸೆ," ಎಂದ ಬೋರಣ್ಣ. ಹೇಳಿದ ಮೇಲೆ ತನ್ನ ದನಿ ಅವನಿಗೇ ಹೊಸದಾಗಿ ಕೇಳಿತು.

"ವಾಹ್! ನನ್ನ ಗಿರಾಕಿಗಳೆಲ್ಲ ಹಂಗಿದ್ರೆ ನನ್ನ ದುಕಾನು ಮುಚ್ಚಬೇಕಾಗ್ತದೆ. ಬೇರೆಯವರು ತಿಂಗಳಿಗೆ ಎರಡು ಸಲ ಸತ್ತ ಮೀನಿನ ಬದಲಿಗೆ ಮೀನು ಒಯ್ತಾರೆ."

ಗಡುಸು ನೀರು ತಾಳುವಂಥವೆಂದು ಆರು ಕಪ್ಪು ಮೋಲಿ ಮೀನುಗಳನ್ನು ದಸ್ತಗೀರ್ ಆರಿಸಿ, ಪ್ಲಾಸ್ಟಿಕ್ ಚೀಲಕ್ಕೆ ಗಾಳಿ ತುಂಬಿ ಕಟ್ಟಿಕೊಟ್ಟ. ಬೋರಣ್ಣ ಅದನ್ನು ಎಳೆಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದ. ಜಗಲಿಯ ಮೇಲೆ ಚಿಕ್ಕರಾಜು ಕೂತಿದ್ದ. ಪವಿತ್ರ ಅಂಗಳದಲ್ಲಿ ಕುರಿಗಳ ಬಾನಿಗೆ ನೀರು ಬಿಡುತ್ತಿದ್ದಳು.

"ತಗಾ ಕಣಮ್ಮ. ಬುಡು ಇವನ್ನ ತೊಟ್ಟೀಗೆ."

ಚೀಲದೊಳಗಿನ ಕಪ್ಪು ಮೀನುಗಳನ್ನು ಅವಳು ಬಿಸಿಲಿಗೆ ಹಿಡಿದು ನೋಡಿದಳು. ಅವಳ ಮುಖ ಅರಳಿತು. ಅರಳಿದ್ದು ಹಾಗೇ ಇರುವಾಗಲೇ ತಲೆ ಅಲ್ಲಾಡಿಸಿದಳು.

"ನೀರು ಇನ್ನೂ ಆಗಿಲ್ಲ ಮಾವ."

"ಬರೋ ಶುಕ್ರವಾರ ಶಿವರಾತ್ರಿ!"

"ಹೌದು ಮಾವ."

"ಐದು ದಿನ ಅಷ್ಟೇ ಅಲ್ವೇನೇ," ಎಂದು ನಾಗಕ್ಕ ಬಾಗಿಲಿಗೆ ಬಂದಳು. "ಐದು ದಿನ ಹೆಂಗೋ ಬದುಕ್ತವೆ ಬುಡು. ಮಂದೆ ನಿಂದಾಗುತ್ತೆ."

"ಐದು ದಿನ ಬದುಕ್ತವೆ ಅತ್ತೆ. ಆರನೇ ದಿನ?"

ಚಿಕ್ಕರಾಜು ಎಲೆಯಡಿಕೆಯ ಉಗುಳು ನುಂಗಿ ಹೇಳಿದ. "ಅವಳೇ ಬ್ಯಾಡ ಅಂತಾವ್ಳಲ್ಲಣ್ಣ. ಬಲವಂತ ಯಾಕೆ? ನಾನು ಭಾನುವಾರ ಗಾಡಿ ತತ್ತೀನಿ."

ಪವಿತ್ರ ಸೆರಗಿಗೆ ಕೈ ಒರಸಿಕೊಂಡು, ಚೀಲವನ್ನು ಎದೆಗೆ ಆನಿಸಿಕೊಂಡು, ಅದೇ ಗಳಿಗೆಯಲ್ಲಿ ಬಸ್ಸಿನ ದಾರಿ ಹಿಡಿದಳು. ಸಂಜೆಗೆ ಬರಿಗೈಯಲ್ಲಿ ಬಂದಳು. ನೀರು ಆಗುವ ತನಕ ಆ ಆರನ್ನೇ ಬೇರೆ ಇಡುವುದಾಗಿ ದಸ್ತಗೀರ್ ಒಪ್ಪಿದ್ದ.

ಅವಳು ಹೋಗಿ ಬರುವವರೆಗೂ ಬೋರಣ್ಣ ಖಾಲಿ ತೊಟ್ಟಿಯ ಎದುರು ಕೂತಿದ್ದ. ಅವನಿಗೆ ಒಂದು ಸಣ್ಣ ಲೆಕ್ಕ ಹೊಳೆದಿತ್ತು, ಹೊಳೆದ ಮೇಲೆ ಬಿಡಲಿಲ್ಲ. ಷರತ್ತು ಹಾಕಿದವನು ಅವನೇ. ಶಿವರಾತ್ರಿಯ ದಿನ ಮೀನು ಉಸಿರಾಡುತ್ತಿರಬೇಕು ಎಂದಿದ್ದನೇ ಹೊರತು, ಎಂದು ಬಿಟ್ಟಿರಬೇಕು ಎಂದಿರಲಿಲ್ಲ. ದೀಪಾವಳಿಯಲ್ಲಿ ಏನೂ ಆಗದ ನೀರಿನಲ್ಲೇ ಮೀನುಗಳು ನಾಲ್ಕು ದಿನ ಬದುಕಿದ್ದವು. ಶಿವರಾತ್ರಿಯ ಹಿಂದಿನ ದಿನ ಒಂದೇ ಒಂದು ಮೀನು ತಂದು ಬಿಟ್ಟಿದ್ದರೂ ಮಂದೆ ಅವಳದಾಗುತ್ತಿತ್ತು. ಚಿಟಿಕೆ ಆಹಾರ ಬೇಡ, ಬಣ್ಣದ ಕೊಳವೆ ಬೇಡ, ಎರಡು ತಿಂಗಳ ಗೇಲಿ ಬೇಡ. ಷರತ್ತಿನ ಈ ಬಿರುಕು ಅವನಿಗೆ ಈಗ ಕಂಡಿತು. ಅವಳಿಗೆ ಷರತ್ತು ಹಾಕಿದ ದಿನವೇ ಕಂಡಿರಬೇಕು. ಅಷ್ಟು ಬುದ್ಧಿಯವಳು ಅದನ್ನು ಕಾಣದೆ ಇರುವುದು ಸಾಧ್ಯವಿರಲಿಲ್ಲ. ಕಂಡೂ ಅವಳು ಆ ಸಂದಿನಲ್ಲಿ ನುಸುಳಲಿಲ್ಲ.

ಶಿವರಾತ್ರಿ ಬಂದು ಹೋಯಿತು. ತೊಟ್ಟಿಯಲ್ಲಿ ಮೀನಿರಲಿಲ್ಲ. ಕೊಳವೆಯಲ್ಲಿ ನೇರಳೆ, ತೊಳೆದ ಬಟ್ಟೆಯ ಕಲೆಯಷ್ಟು.

ಹತ್ತನೆಯ ತಾರೀಖು ಬೆಳಿಗ್ಗೆ ಚಿಕ್ಕರಾಜುವಿನ ಲಗೇಜ್ ಗಾಡಿ ಅಂಗಳಕ್ಕೆ ಬಂದು ಹಿಂದುಮುಂದಾಗಿ ನಿಂತಿತು. ಗೋಪಾಲನಿಗೆ ಅಂದು ರಜೆ. ಅವನು ಹೆಂಡತಿಯ ಮುಖ ನೋಡಲಾರದೆ ಹಿತ್ತಿಲಿಗೆ ಹೋದ. ಪವಿತ್ರ ಎದ್ದವಳೇ ಕುರಿಗಳಿಗೆ ನೀರು ಕುಡಿಸಿ, ರೊಪ್ಪದ ಬಾಗಿಲ ಬಳಿ ನಿಂತಿದ್ದಳು. ಕಣ್ಣು ಕೆಂಪಗಿದ್ದವು, ದನಿ ನೆಟ್ಟಗಿತ್ತು.

"ಸೋತೋಳು ನಾನು ಮಾವ. ಇನ್ನೂ ನಾಕು ದಿನ ಬೇಕಾಗಿತ್ತು. ಆ ಕುಂಟು ಮರಿ ಒಂದನ್ನ ಗಾಡೀಲಿ ಮೇಲ್ಗಡೆ ನಿಲ್ಲುಸೋಕೆ ಹೇಳಿ, ತುಳಿದಾಡ್ತವೆ."

ಚಿಕ್ಕರಾಜು ರೊಪ್ಪದ ಗೂಟಕ್ಕೆ ಕೈ ಹಾಕಿದ. ಬೋರಣ್ಣ ತನ್ನ ಕೋಲನ್ನು ಅಡ್ಡ ಹಿಡಿದ.

"ನಿಲ್ಲಲೇ. ಮಂದೆ ನಂದಲ್ಲ."

"ಮತ್ತೆ ಯಾರ್ದಣ್ಣ?"

"ಅವಳ್ದು. ಅವಳ್ನ ಕೇಳು."

"ಏನಣ್ಣ ಇದು!" ಚಿಕ್ಕರಾಜು ಪಡಸಾಲೆಯ ಕಡೆ ಕೈ ಚಾಚಿದ. "ತೊಟ್ಟೀಲಿ ಒಂದು ಮೀನಿಲ್ಲ! ನಾನೇ ಈಗ ಇಣುಕಿ ಬಂದೆ."

"ಇಲ್ಲ. ಅದಕ್ಕೇ ಕೊಟ್ಟಿದ್ದು."

ಚಿಕ್ಕರಾಜುವಿಗೆ ಅದು ಅರ್ಥವಾಗಲಿಲ್ಲ. ಪವಿತ್ರಳಿಗೆ ಅರ್ಥವಾಯಿತು. ಅವಳು ಗೂಟವನ್ನು ಹಿಡಿದುಕೊಂಡು ಮುಖವನ್ನು ಕುರಿಗಳ ಕಡೆ ತಿರುಗಿಸಿದಳು. ಬೋರಣ್ಣ ಹೆಚ್ಚಿಗೆ ಮಾತಾಡುವವನಲ್ಲ. ಆದರೂ ಅಂದು ಇನ್ನೊಂದು ಮಾತು ಸೇರಿಸಿದ.

"ನಾನು ಕುರಿ ಕಾದಿದ್ದು ನಲವತ್ತು ವರ್ಷ ಕಣಮ್ಮ. ಇನ್ನೂ ಬರದೆ ಇರೋ ಜೀವಕ್ಕೆ ಮುಂಚೆ ಮನೆ ಕಟ್ಟಿ ಕಾಯೋದು ನನಗೆ ತಿಳೀದು. ನಿನಗೆ ತಿಳೀತೈತೆ."

"ಎಲ್ಲಾ ಸರಿ," ಎಂದ ಚಿಕ್ಕರಾಜು, ಟವಲನ್ನು ಹೆಗಲಿಂದ ತೆಗೆದು ಕೊಡವುತ್ತ. "ಅಕ್ಕಿರಾಂಪುರದಲ್ಲಿ ಇದರ ಕೆಳಗೆ ಕೈ ಇಟ್ಟೋರು ಯಾರು? ಅದನ್ನ ಹೇಳಣ್ಣ."

ಪವಿತ್ರ ತಿರುಗಿ ನೋಡಿದಳು. ನಾಗಕ್ಕನೂ ನೋಡಿದಳು. ಸಂತೆಯ ಸುದ್ದಿ ಮನೆಯವರಿಗೆ ತಿಳಿದದ್ದು ಆಗಲೇ.

"ನಾನೇ," ಎಂದ ಬೋರಣ್ಣ. "ನಿನಗೆ ಒಂದು ಟಗರು ಬರಬೇಕು. ಬರುತ್ತೆ." ಆಮೇಲೆ ಮಂದೆಯ ಕಡೆ ನೋಡಿ, ತಾನು ಈಗ ತಾನೇ ಆಡಿದ ಮಾತು ನೆನಪಾಗಿ, ತಬ್ಬಿಬ್ಬಾದ. ಮೂವತ್ತೆರಡರಲ್ಲಿ ಟಗರುಗಳು ಎರಡು. ಎರಡೂ ಅವನವಲ್ಲ. ಅವನ ಹತ್ತಿರ ಈಗ ಒಂದು ಬಾಲವೂ ಇರಲಿಲ್ಲ.

ಅವನು ಕೋಲನ್ನು ಕಂಕುಳಿಗೆ ಸೇರಿಸಿ ಸೊಸೆಯ ಎದುರು ನಿಂತ. "ಪವಿತ್ರ, ನನಗೊಂದು ಟಗರು ಬೇಕಿತ್ತು."

"ಯಾವುದು ಕೊಡ್ಲಿ ಮಾವ?"

"ನಿನ್ನಿಷ್ಟ."

ಅವಳು ಒಳಗೆ ಹೋಗಿ ಎರಡನ್ನೂ ಬೆನ್ನು ಸವರಿ ನೋಡಿದಳು. ಬಲವಾದ, ಕೊಂಬು ತಿರುಚಿದ ದೊಡ್ಡದನ್ನು ಹೊರಗೆ ತಂದು ಚಿಕ್ಕರಾಜುವಿನ ಕೈಗೆ ಹಗ್ಗ ಕೊಟ್ಟಳು. ಸಣ್ಣದನ್ನು ಕೊಟ್ಟಿದ್ದರೂ ಯಾರೂ ಕೇಳುತ್ತಿರಲಿಲ್ಲ. ಚಿಕ್ಕರಾಜು ಹಗ್ಗ ಹಿಡಿದು ಟಗರಿನ ಕೊಂಬನ್ನು ಒಮ್ಮೆ ತಡವಿದ. "ನಿನ್ನ ಹತ್ರ ವ್ಯಾಪಾರ ಮಾಡೋಕೆ ಬರ್ತೀನಿ ಕಣಮ್ಮ ಮುಂದಕ್ಕೆ," ಎಂದು, ಒಂದೇ ಟಗರನ್ನು ಗಾಡಿಗೆ ಹತ್ತಿಸಿಕೊಂಡು ಹೋದ.

"ಇದು ದಾನ ಅಲ್ಲ," ಎಂದ ಬೋರಣ್ಣ, ಗಾಡಿಯ ಧೂಳು ಇಳಿದ ಮೇಲೆ.

"ಅಲ್ಲ ಮಾವ. ಸಾಲ."

"ತೀರುಸ್ತೀನಿ."

"ಹೂಂ ಮಾವ. ನಿಧಾನ ಆದ್ರೂ ಪರವಾಗಿಲ್ಲ."

ಹದಿಮೂರಕ್ಕೆ ಕೊಳವೆಗಳಲ್ಲಿ ಒಂದು ಹಳದಿ, ಒಂದು ನೀಲಿ ಕೂಡಿ ಬಂದವು. ಮತ್ತೆ ಚಿಟಿಕೆ ಹಾಕಿ ಹದಿನಾಲ್ಕಕ್ಕೆ ನೋಡಿದರೂ ಅವೇ ನಿಂತಿದ್ದವು. ಅರ್ಧ ನೀರು ಬದಲಾಯಿಸಿ, ಹದಿನೈದಕ್ಕೆ ಅವಳು ಶಿರಾಕ್ಕೆ ಹೋಗಿ ಆ ಆರು ಮೋಲಿಗಳನ್ನು ತಂದಳು. ಒಮ್ಮೆಗೇ ಆರನ್ನೂ ಬಿಡಲಿಲ್ಲ. ಕಾಣದ ಮಂದೆಗೆ ಹೊರೆ ತಟ್ಟನೆ ಬೀಳಬಾರದೆಂದು ಮೂರನ್ನು ಬಿಟ್ಟು, ಇನ್ನು ಮೂರನ್ನು ದೊಡ್ಡ ಬಕೀಟಿನಲ್ಲಿಟ್ಟು ದಿನವೂ ನೀರು ಬದಲಾಯಿಸಿ, ವಾರ ಕಳೆದು ಬಿಟ್ಟಳು. ಆರೂ ಬದುಕಿವೆ. ಮರಿ ಹಾಕಿ ಎಣಿಕೆ ತಪ್ಪಿಸಿವೆ.

ಕುರಿಗಳು ಅವಳ ಹಿಂದೆ ಹೋಗುತ್ತವೆ. ಬೋರಣ್ಣ ಜಗಲಿಯ ಮೇಲೆ ಕೂತು ಯಾರು ಬಂದರೂ ಒಳಗೆ ಕರೆದು ತೊಟ್ಟಿ ತೋರಿಸುತ್ತಾನೆ, ಮೀನನ್ನಲ್ಲ, ನೀರನ್ನು ನೋಡಿ ಎನ್ನುತ್ತಾನೆ. ಅವನು ಸೊಸೆಗೆ ಒಂದು ಟಗರು ಕೊಡಬೇಕಾಗಿದೆ. ಇನ್ನೂ ಕೊಟ್ಟಿಲ್ಲ.